ಜೈರೊಟ್ರಾನ್ ಸಿಮ್ಯುಲೇಷನ್‌ನಲ್ಲಿ ಬೇಡದ ಮೋಡ್ ಏಕೆ ಗೆಲ್ಲುತ್ತದೆ?

ಫ್ರಾನ್ಸಿನ ಐಟಿಇಆರ್ ಸಮ್ಮಿಳನ ಯೋಜನೆಗೆ ಯುರೋಪಿನಲ್ಲಿ ರೂಪಿಸಿದಂಥ (ಕಾಂತಕ್ಷೇತ್ರದಲ್ಲಿ ಸುತ್ತುವ ಇಲೆಕ್ಟ್ರಾನ್‌ಗಳಿಂದ ಪ್ರಬಲ ಮೈಕ್ರೋವೇವ್ ಹುಟ್ಟಿಸುವ) 170 ಗಿಗಾಹರ್ಟ್ಸ್ ಜೈರೊಟ್ರಾನ್‌ಗೆ, ಟಿಇ 32,9 ಮೋಡ್ (ಕ್ಯಾವಿಟಿ ಎಂಬ ಲೋಹದ ಕೋಶದೊಳಗೆ ಅಲೆ ತಾಳುವ ಒಂದು ವಿನ್ಯಾಸ; ಮೊದಲ ಸಂಖ್ಯೆ ಕೋನೀಯ ಸಂಖ್ಯೆ, ಅಂದರೆ ಸುತ್ತಲೂ ಹಿಡಿಸುವ ಅಲೆಗಳ ಎಣಿಕೆ) ಒಂದನ್ನೇ ಇಟ್ಟುಕೊಂಡು ಲೆಕ್ಕ ಮಾಡಿದರೆ 1 ಮೆಗಾವಾಟ್ ಬರುತ್ತದೆ, ನೆರೆಯ ಮೋಡ್‌ಗಳನ್ನು ಸೇರಿಸಿದೊಡನೆ ಟಿಇ 31,9 ಮೇಲುಗೈ ಪಡೆಯುತ್ತದೆ, ಪ್ರೋಗ್ರಾಮಿನಲ್ಲಿ ತಪ್ಪಿದೆಯೇ ಎಂದು ಕೇಳಿದ್ದೀರಿ. ಪ್ರೋಗ್ರಾಮು ಬಹುಶಃ ಸರಿಯಾಗಿಯೇ ಇದೆ. ನೀವು ಮೊದಲ ಕ್ಷಣದಿಂದಲೇ 80 ಕಿಲೋವೋಲ್ಟ್ ಕೊಟ್ಟಿರುವುದರಲ್ಲಿ ತೊಂದರೆಯಿದೆ.

ಜೈರೊಟ್ರಾನ್‌ನ ಹೆಚ್ಚಿನ ದಕ್ಷತೆ ಸಾಮಾನ್ಯವಾಗಿ ಸಿಗುವುದು, ಬೇಕಾದ ಮೋಡ್ ಸಣ್ಣ ಗದ್ದಲದಿಂದ ತಾನಾಗಿ ಬೆಳೆಯಲಾರದ, ಆದರೆ ಆಗಲೇ ದೊಡ್ಡದಾಗಿದ್ದರೆ ಉಳಿದುಕೊಳ್ಳಬಲ್ಲ ಸ್ಥಿತಿಯಲ್ಲಿ. ಆ ಸ್ಥಿತಿಯಲ್ಲಿ ಖಾಲಿ ಕ್ಯಾವಿಟಿಯಿಂದ ಆರಂಭಿಸಿದರೆ, ತುಸು ಕಡಿಮೆ ಆವೃತ್ತಿಯ ಟಿಇ 31,9 ಸುಲಭವಾಗಿ ಬೆಳೆದು, ಇಲೆಕ್ಟ್ರಾನ್‌ಗಳ ಶಕ್ತಿಯನ್ನು ಕಸಿದುಕೊಂಡು, ಉಳಿದವನ್ನು ಅದುಮಿಬಿಡುತ್ತದೆ. ನಿಜವಾದ ಯಂತ್ರದಲ್ಲಿ ವೋಲ್ಟೇಜ್ ಮೆಲ್ಲನೆ ಏರುತ್ತದೆ. ವೋಲ್ಟೇಜ್ ಕಡಿಮೆಯಿದ್ದಾಗ ಇಲೆಕ್ಟ್ರಾನಿನ ಸಾಪೇಕ್ಷತಾ ದ್ರವ್ಯರಾಶಿಯೂ ಕಡಿಮೆಯಿರುವುದರಿಂದ ಸೈಕ್ಲೋಟ್ರಾನ್ ಆವೃತ್ತಿ (ಕಾಂತಕ್ಷೇತ್ರದಲ್ಲಿ ಅದು ಸುತ್ತುವ ಆವೃತ್ತಿ) ಹೆಚ್ಚಿರುತ್ತದೆ. ಹಾಗಾಗಿ ಮೊದಲು ತುಸು ಹೆಚ್ಚಿನ ಆವೃತ್ತಿಯ ಟಿಇ 33,9 ಏಳುತ್ತದೆ, ಆವೃತ್ತಿ ಇಳಿದಂತೆ ಅದು ಸೋತು ಟಿಇ 32,9 ನೆಲೆಗೊಳ್ಳುತ್ತದೆ, ಮುಂದಿನ ಏರಿಕೆಯಲ್ಲಿ ಅದೇ ಬೆಳೆದು ನಿಂತು 31,9ಕ್ಕೆ ಎಡೆ ಕೊಡುವುದಿಲ್ಲ. ವೋಲ್ಟೇಜನ್ನು ಮಿತಿಮೀರಿ ಏರಿಸಿದರೆ ಮಾತ್ರ ಪಟ್ಟ 31,9ರ ಪಾಲಾಗುತ್ತದೆ.

ಆದುದರಿಂದ ನೀವೂ ವೋಲ್ಟೇಜನ್ನು ಏರಿಸುತ್ತಾ ಲೆಕ್ಕ ಮಾಡಿ. ನಿಜವಾದ ಏರಿಕೆಯಷ್ಟು ದೀರ್ಘಕಾಲ ಬೇಡ: ಗುಣಾಂಕ (ಶಕ್ತಿಯನ್ನು ಎಷ್ಟು ಚೆನ್ನಾಗಿ ಹಿಡಿದಿಡುತ್ತದೆ ಎಂಬುದರ ಅಳತೆಯಾದ Q) ಸುಮಾರು 1000 ಇರುವ ಕ್ಯಾವಿಟಿಯಲ್ಲಿ ಕ್ಷೇತ್ರ ತುಂಬಲು 1 ನ್ಯಾನೊಸೆಕೆಂಡಿನಷ್ಟು ಸಾಕಾಗುವುದರಿಂದ ಕೆಲವು ನೂರು ನ್ಯಾನೊಸೆಕೆಂಡುಗಳ ಏರಿಕೆ ನಿಧಾನವೇ ಸರಿ. ಆದರೆ ಏರಿಕೆಯುದ್ದಕ್ಕೂ ಇಲೆಕ್ಟ್ರಾನ್‌ಗಳ ಅಡ್ಡ ಮತ್ತು ಉದ್ದ ವೇಗಗಳ ಅನುಪಾತವನ್ನು ಸ್ಥಿರವಾಗಿಡಬೇಡಿ, ವೋಲ್ಟೇಜಿನೊಂದಿಗೆ ಅದೂ ಬದಲಾಗುತ್ತದೆ. ಪ್ರತಿ ಹಂತಕ್ಕೂ ಇಲೆಕ್ಟ್ರಾನ್ ಗನ್ನಿನ ಲೆಕ್ಕದಿಂದ ಅದನ್ನು ತೆಗೆದುಕೊಳ್ಳಿ. ಬೀಮಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುವ ಮೋಡ್‌ಗಳನ್ನೂ ಬಿಡಬೇಡಿ.

ನಾನು ಮುಗ್ಗರಿಸಿದ್ದು ಬೇರೆ ಕಡೆ. ಸಮಯ ಉಳಿಸಲು ಟೊಳ್ಳು ಬೀಮಿನ ಸುತ್ತ 8 ಬಿಂದುಗಳಲ್ಲಿ ಮಾತ್ರ ಇಲೆಕ್ಟ್ರಾನ್‌ಗಳನ್ನು ಇಟ್ಟಿದ್ದೆ. ಆಗ ಕೋನೀಯ ಸಂಖ್ಯೆಯಲ್ಲಿ 8ರ ಅಂತರವಿರುವ, ಉದಾಹರಣೆಗೆ 32 ಮತ್ತು 24ರ ಮೋಡ್‌ಗಳು ಆ ಬಿಂದುಗಳಿಗೆ ಒಂದೇ ರೀತಿ ಕಾಣುತ್ತವೆ, ಇಲ್ಲದ ನಂಟು ಹುಟ್ಟಿಕೊಳ್ಳುತ್ತದೆ. ಬಹಳ ದಿನ ಅದನ್ನು ಹೊಸ ಭೌತಿಕ ಪರಿಣಾಮವೆಂದೇ ನಂಬಿದ್ದೆ. ಬಿಂದುಗಳ ಸಂಖ್ಯೆಯನ್ನು 8ರಿಂದ 31ಕ್ಕೆ ಏರಿಸಿದ ಮೇಲೆ ಆ ಪರಿಣಾಮ ಮಾಯವಾಯಿತು.