ಹಂಸದ ಬೋಟಿಗೆ ಬಣ್ಣ ಬಳಿಯುವವರು ಯಾರು?

ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವುದು ಮನೆ ಕಂದಾಯ, ಖಾತೆ ಬದಲಾವಣೆ, ಬೀದಿ ದೀಪದ ಪ್ರಶ್ನೆಗಳು. ಹೋದ ತಿಂಗಳು ಕೆರೆಗಳ ಬೋಟಿಂಗ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೇ ಇಷ್ಟೊಂದು ಪತ್ರ ಬಂದಿವೆ. ನಾನು ಪುರಸಭೆಗಳ ಲೆಕ್ಕಪತ್ರ ವಿಭಾಗದಲ್ಲಿ 31 ವರ್ಷ ಕೆಲಸ ಮಾಡಿದವಳು. ಅದರಲ್ಲಿ 6 ವರ್ಷ ಒಂದು ಕೆರೆಯ ಬೋಟಿಂಗ್ ಟಿಕೆಟ್ ಪುಸ್ತಕಗಳು ನನ್ನ ಮೇಜಿಗೇ ಬರುತ್ತಿದ್ದವು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇಡಂ, ನಮ್ಮೂರ ಕೆರೆಯಲ್ಲಿ ಮೂರು ವರ್ಷದ ಹಿಂದೆ ದೊಡ್ಡ ಸಮಾರಂಭ ಮಾಡಿ ಬೋಟಿಂಗ್ ಶುರು ಮಾಡಿದರು. ಈಗ ಬೋಟುಗಳು ಏರಿಯ ಮೇಲೆ ಕವುಚಿ ಬಿದ್ದಿವೆ. ಗೇಟಿಗೆ ಬೀಗ. ಕೇಳಿದರೆ "ಅನುದಾನ ಇಲ್ಲ" ಅಂತಾರೆ. ಲಕ್ಷಗಟ್ಟಲೆ ಹಣ ಸುರಿಯುವಾಗ ಇದ್ದ ಅನುದಾನ ಈಗ ಎಲ್ಲಿ ಹೋಯಿತು?
— ನಿವೃತ್ತ ಮೇಷ್ಟ್ರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ, ಮೇಷ್ಟ್ರೇ. "ಅನುದಾನ ಇಲ್ಲ" ಅನ್ನುವ ಮಾತೂ ಎಷ್ಟೋ ಸಲ ನಿಜವೇ.

ಜೆಟ್ಟಿ (ಬೋಟು ಹತ್ತಲು ನೀರಿನೊಳಕ್ಕೆ ಚಾಚಿ ಕಟ್ಟುವ ಅಟ್ಟಣೆ), ಬೋಟು, ಟಿಕೆಟ್ ಕೌಂಟರ್, ಬೇಲಿ ಇವೆಲ್ಲ ಬಂಡವಾಳ ವೆಚ್ಚ. ಹಗ್ಗ, ಬಣ್ಣ, ಬೋಲ್ಟು, ಕಾವಲುಗಾರನ ಸಂಬಳ ಇವು ನಿರ್ವಹಣೆ ವೆಚ್ಚ. ಲೆಕ್ಕದಲ್ಲಿ ಎರಡಕ್ಕೂ ಬೇರೆ ಬೇರೆ ಶೀರ್ಷಿಕೆ. ಒಂದರ ಹಣ ಇನ್ನೊಂದಕ್ಕೆ ಬಳಸುವ ಹಾಗಿಲ್ಲ. ಮೇಲಿನಿಂದ ಬರುವ ಹಣ ಹೆಚ್ಚಾಗಿ ಮೊದಲನೆಯದಕ್ಕೆ. 2014–15ರಲ್ಲಿ ಶುರುವಾದ ಕೇಂದ್ರದ ಸ್ವದೇಶ್ ದರ್ಶನ್ ಪ್ರವಾಸೋದ್ಯಮ ಯೋಜನೆಯನ್ನೇ ನೋಡಿ. ಕಟ್ಟುವುದಕ್ಕೆ ಕೇಂದ್ರದ ಹಣ, ಕಟ್ಟಿದ ಮೇಲೆ ನೋಡಿಕೊಳ್ಳುವುದು ರಾಜ್ಯದ ಹೊಣೆ. ರಾಜ್ಯ ಅದನ್ನು ಇಲಾಖೆಗೆ ದಾಟಿಸುತ್ತೆ, ಇಲಾಖೆ ಸ್ಥಳೀಯ ಸಂಸ್ಥೆಗೆ ದಾಟಿಸುತ್ತೆ. ಇನ್ನು 15ನೇ ಹಣಕಾಸು ಆಯೋಗದ ಅನುದಾನ. 2021ರಿಂದ 26ರವರೆಗೆ ನಮ್ಮಂಥ ಸಣ್ಣ ಊರುಗಳಿಗೆ ಬಂದ ಹಣದಲ್ಲಿ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಉಳಿದ 40 ಭಾಗದ ಮೇಲೆ ರಸ್ತೆ, ಚರಂಡಿ ಎಲ್ಲದರ ಕಣ್ಣು. ಬೋಟಿನ ಹಗ್ಗಕ್ಕೆ ಸರದಿ ಬರುವುದೇ ಇಲ್ಲ.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಊರಿನ ಹೆಸರು ಬೇಡ. ಕೆರೆಯಲ್ಲಿ 8 ಪೆಡಲ್ ಬೋಟು, ಕಬ್ಬಿಣದ ಜೆಟ್ಟಿ. ಐದನೇ ಮಳೆಗಾಲ ಕಳೆದ ಮೇಲೆ ಕಾವಲುಗಾರ ಆಫೀಸಿಗೆ ಬಂದು, "ಅಕ್ಕೋರೆ, ಒಂದ್ಸಲ ಬಂದು ನೋಡ್ರಿ" ಅಂದ. ಹೋದೆ. ಜೆಟ್ಟಿಯ ಕಂಬಗಳು ಮೇಲುಗಡೆ ಚೆನ್ನಾಗಿದ್ದವು. ನೀರಿನೊಳಗೂ ಪರವಾಗಿಲ್ಲ. ಆದರೆ ನೀರು ಏರಿ ಇಳಿಯುವ ಜಾಗದಲ್ಲಿ, ಒಂದು ಗೇಣು ಅಗಲ, ಕಬ್ಬಿಣ ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿತ್ತು. ಉಗುರು ತಾಗಿಸಿದರೆ ಒಂದು ಪದರ ಕೈಗೇ ಬಂತು. ಒದ್ದೆ ಆಗುವುದು, ಒಣಗುವುದು, ಮತ್ತೆ ಒದ್ದೆ ಆಗುವುದು. ತುಕ್ಕಿಗೆ ಬೇಕಾದ ನೀರು, ಗಾಳಿ ಎರಡೂ ಅಲ್ಲೇ ಸಿಗುತ್ತವೆ.

ಕೆರೆದು, ಪಟ್ಟಿ ಬೆಸುಗೆ ಹಾಕಿ, ಬಣ್ಣ ಬಳಿಯಲು ಇಂಜಿನಿಯರ್ ಕೊಟ್ಟ ಅಂದಾಜು 38,000 ರೂಪಾಯಿ. ಆ ಕಡತ ಮೂರು ಸಲ ವಾಪಸ್ ಬಂತು. ಮೂರೂ ಸಲ "ಸದರಿ ಶೀರ್ಷಿಕೆಯಲ್ಲಿ ಅನುದಾನ ಲಭ್ಯವಿಲ್ಲ" ಅನ್ನುವ ಒಂದೇ ಷರಾ. ಎರಡು ವರ್ಷಕ್ಕೆ ಜೆಟ್ಟಿ ಒಂದು ಕಡೆಗೆ ವಾಲಿತು. ಪುಣ್ಯಕ್ಕೆ ಅದು ಸೋಮವಾರ, ಜನ ಇರಲಿಲ್ಲ. ಆಮೇಲೆ ಯಾವುದೋ ಹೊಸ ಯೋಜನೆಯಲ್ಲಿ ಹೊಸ ಜೆಟ್ಟಿಗೆ 9 ಲಕ್ಷ ಒಂದೇ ಸಭೆಯಲ್ಲಿ ಮಂಜೂರಾಯಿತು. ಆ ಬಿಲ್ಲಿಗೆ ಸಹಿ ಮಾಡುವಾಗ ನನಗೆ ನಿಜಕ್ಕೂ ನೋವಾಯಿತು. ಇವತ್ತಿಗೂ ಆಗುತ್ತೆ.

ಇನ್ನೂ ಒಂದು ವಿಷಯ ಇದೆ. ಜೆಟ್ಟಿ ಕಡತ ವಾಪಸ್ ಬಂದ ಮೊದಲ ವರ್ಷ ಅದೇ ಕೆರೆಯ ಟಿಕೆಟಿನಿಂದ 1 ಲಕ್ಷ 12 ಸಾವಿರ ಬಂದಿತ್ತು. ಚಲನ್ ಬರೆದವಳು ನಾನೇ. ಆ ಹಣ ಪುರಸಭೆ ನಿಧಿಗೆ ಸೇರಿತು, ಅಲ್ಲಿಂದ ನೀರೆತ್ತುವ ಪಂಪಿನ ಕರೆಂಟ್ ಬಿಲ್ಲಿಗೆ ಹೋಯಿತು. ಕರೆಂಟ್ ಬಿಲ್ ಕಟ್ಟಿದ್ದು ತಪ್ಪು ಅಂತ ಹೇಳಲಾರೆ. ಆದರೆ ಜೆಟ್ಟಿ ದುರಸ್ತಿಯ ಹತ್ತಿರ ಹತ್ತಿರ ಮೂರು ಪಟ್ಟು ಹಣ ಅದೇ ಜೆಟ್ಟಿ ಸಂಪಾದಿಸಿ ಕೊಟ್ಟಿತ್ತು. ಬೋಟಿಂಗಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಬೇಕು, ಟಿಕೆಟ್ ಹಣದ ಅರ್ಧವಾದರೂ ಅಲ್ಲೇ ಉಳಿಯಬೇಕು. ನಾನು ಅಂದಿನಿಂದ ಹೇಳುತ್ತಾ ಬಂದಿರುವುದು ಇಷ್ಟನ್ನೇ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಕುಡಿಯುವ ನೀರಿಗೇ ಗತಿ ಇಲ್ಲ. ಜನರ ತೆರಿಗೆ ಹಣದಲ್ಲಿ ದೋಣಿ ವಿಹಾರ ಬೇಕಾ?
— ರೈತ, ಕೋಲಾರ ಜಿಲ್ಲೆ

ಉತ್ತರ: ನೀರು ಮೊದಲು. ಅದರಲ್ಲಿ ಎರಡು ಮಾತಿಲ್ಲ. ಕುಡಿಯುವ ನೀರಿನ ಕೆರೆಗೆ ಮೋಟರ್ ಬೋಟ್ ಇಳಿಸುವುದನ್ನು ನಾನೂ ಒಪ್ಪುವುದಿಲ್ಲ. ಡೀಸೆಲ್ಲಿನ ಎಣ್ಣೆ ನೀರಿಗೆ ಸೇರುತ್ತೆ. ಕೆರೆ ಬತ್ತುವ ಊರಲ್ಲಿ ಬೋಟಿಂಗಿಗೆ ಹೊಸದಾಗಿ ಹಣ ಹಾಕುವುದೂ ತಪ್ಪೇ.

ಆದರೆ ಪಾರ್ಕು, ಉದ್ಯಾನ, ಆಟದ ಮೈದಾನ ಒದಗಿಸುವುದು ಪುರಸಭೆಗಳ ಕೆಲಸ ಅಂತ ಸಂವಿಧಾನದ 12ನೇ ಅನುಸೂಚಿಯಲ್ಲೇ ಇದೆ. ನೀರಿರುವ ಊರಲ್ಲಿ ಬೋಟಿಂಗ್ ಕೂಡ ಅದೇ ಜಾತಿಯದು ಅಂತ ನನ್ನ ಅಭಿಪ್ರಾಯ. ನಮ್ಮ ಕೆರೆಗೆ ಭಾನುವಾರ ಬರುತ್ತಿದ್ದವರು ಯಾರು ಗೊತ್ತಾ? ಗಾರೆ ಕೆಲಸದವರು, ಗಾರ್ಮೆಂಟ್ಸ್ ಹುಡುಗಿಯರು, ನಮ್ಮದೇ ಪೌರಕಾರ್ಮಿಕರ ಮನೆಯವರು. ಟಿಕೆಟ್ 10 ರೂಪಾಯಿ. ಒಂದು ಸಲ ಒಬ್ಬ ಅಜ್ಜಿ ಮೊಮ್ಮಗನ ಪಕ್ಕ ಬೋಟಿನಲ್ಲಿ ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕಾಲಿನಿಂದ ಪೆಡಲ್ ತುಳಿದಳು. ದಡಕ್ಕೆ ಬಂದವಳು ಇಳಿಯಲು ಒಪ್ಪಲಿಲ್ಲ. ಇಂಥವರು ರೆಸಾರ್ಟಿಗೆ ಹೋಗುವುದಿಲ್ಲ. ಇವರಿಗಾಗಿಯೇ ಸಾರ್ವಜನಿಕ ಹಣ ಬೇಕು.

ನೀರು ಇಳಿದ ತಿಂಗಳುಗಳಲ್ಲಿ ಬೋಟಿಂಗ್ ನಿಲ್ಲಿಸಿ. ಬೋಟುಗಳನ್ನು ದಡಕ್ಕೆಳೆದು ದುರಸ್ತಿ ಮಾಡಲು ಅದಕ್ಕಿಂತ ಒಳ್ಳೆ ಸಮಯ ಇಲ್ಲ. ಹೂಳು ತೆಗೆಯುವುದಕ್ಕೂ, ಅಂತರಗಂಗೆ ಕಳೆ ಕಿತ್ತು ಹಾಕುವುದಕ್ಕೂ ಅದೇ ಸಮಯ.

ಪ್ರಶ್ನೆ: ಇಷ್ಟೆಲ್ಲ ತಲೆನೋವು ಯಾಕೆ? ಗುತ್ತಿಗೆದಾರರಿಗೆ ವಹಿಸಿಬಿಟ್ಟರೆ ಮುಗೀತಲ್ವಾ?
— ಅಂಗಡಿ ಮಾಲೀಕ, ಶಿವಮೊಗ್ಗ

ಉತ್ತರ: ವಹಿಸಬಹುದು. ಮುಗಿಯುವುದಿಲ್ಲ.

ಬೆಂಗಳೂರಿನಲ್ಲಿ ಹೆಬ್ಬಾಳ, ನಾಗವಾರ, ಅಗರ, ವೆಂಗಯ್ಯನಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಡಲು ಕೆರೆ ಅಭಿವೃದ್ಧಿ ಪ್ರಾಧಿಕಾರ ಹೊರಟಾಗ ಏನಾಯಿತು ನೆನಪಿರಬಹುದು. 2008ರಲ್ಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಿತ್ತು. 2012ರಲ್ಲಿ ತೀರ್ಪು ಬಂತು. ಕೆರೆ ಎಲ್ಲರ ಸೊತ್ತು, ದನ ಕುರಿಗೂ ಹಕ್ಕಿಗೂ ಸೇರಿದ್ದು. ಬೇಲಿ ಹಾಕಿ ಟಿಕೆಟ್ ಇಟ್ಟರೆ ಹಳೆಯ ದಾರಿ ಯಾರಿಗೋ ಮುಚ್ಚುತ್ತೆ.

ಜೀವದ ಮಾತು ಇನ್ನೂ ದೊಡ್ಡದು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಬೋಟು ಮಗುಚಿ 12 ಶಾಲಾ ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಕೆರೆ ಪಾಲಿಕೆಯದು, ನಡೆಸುತ್ತಿದ್ದವರು ಗುತ್ತಿಗೆದಾರರು. ಹಾಗಂತ ಸರ್ಕಾರವೇ ನಡೆಸಿದರೆ ಸಾಕು ಅಂತಲೂ ಅಲ್ಲ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಮುಳುಗಿದ್ದು ಕೇರಳದ ಪ್ರವಾಸೋದ್ಯಮ ನಿಗಮದ ಬೋಟು. 45 ಜನ ಸತ್ತರು.

ಅದಕ್ಕೇ ಗುತ್ತಿಗೆ ಕರಾರಿನಲ್ಲಿ ಏನು ಬರೆದಿದೆ ಅನ್ನುವುದು ಮುಖ್ಯ. ಯಾರು ಜಾಸ್ತಿ ಹಣ ಕೂಗಿದರೋ ಅವರಿಗೇ ಕೊಟ್ಟರೆ, ಆ ಹಣ ವಾಪಸ್ ಪಡೆಯಲು ಅವರು ಒಂದು ಬೋಟಿಗೆ ಇಬ್ಬರನ್ನು ಜಾಸ್ತಿ ಹತ್ತಿಸುತ್ತಾರೆ, ಹಳೇ ಲೈಫ್ ಜಾಕೆಟನ್ನೇ ಇನ್ನೊಂದು ವರ್ಷ ಎಳೆಯುತ್ತಾರೆ. ಕರಾರಿನಲ್ಲಿ ದುರಸ್ತಿಯ ಪಟ್ಟಿ ಇರಬೇಕು, ತಾರೀಖು ಇರಬೇಕು. ಪುರಸಭೆಯ ಇಂಜಿನಿಯರ್ ತಿಂಗಳಿಗೊಮ್ಮೆ ಹೋಗಿ ಸಹಿ ಹಾಕಬೇಕು. 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ಮೋಟರ್ ಇರುವ ದೋಣಿಗಳಿಗೆ ತಪಾಸಣೆ, ನೋಂದಣಿ, ವಿಮೆ ಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಗೆ ಮಾರ್ಗಸೂಚಿ ಹೊರಡಿಸಿದೆ. ಟೆಂಡರ್ ಬರೆಯುವವರು ಅದನ್ನು ಮುಂದಿಟ್ಟುಕೊಂಡು ಬರೆಯಲಿ.

ನಿಮ್ಮ ಕಡೆಯಿಂದ ಯಾರಾದರೂ ಮೈಸೂರಿಗೆ ಹೋದರೆ ಕಾರಂಜಿ ಕೆರೆ ನೋಡಿ ಬರಲಿ. ಅದು ಮೃಗಾಲಯದ ಸುಪರ್ದಿಯಲ್ಲಿದೆ. ಒಳಗೆ ಹೋಗಲು ಟಿಕೆಟ್ ಇದೆ. ಏನಾದರೂ ಕೆಟ್ಟರೆ ಯಾರನ್ನು ಕೇಳಬೇಕು ಅನ್ನುವುದು ಸ್ಪಷ್ಟ. ನಮ್ಮ ಎಷ್ಟೋ ಕೆರೆಗಳಲ್ಲಿ ನೀರು ಒಂದು ಇಲಾಖೆಯದು, ಏರಿ ಇನ್ನೊಬ್ಬರದು, ಬೋಟು ಮತ್ತೊಬ್ಬರದು. ಕೇಳಲು ಹೋದವನಿಗೆ ಮೂರು ಬಾಗಿಲು.

ಪ್ರಶ್ನೆ: ನಾನು ಅಮೆರಿಕದ ಮಿಷಿಗನ್‌ನಲ್ಲಿದ್ದೇನೆ. ಇಲ್ಲಿ ಸಣ್ಣ ಸರೋವರದಲ್ಲೂ ಬೋಟು ಇಳಿಸುವ ಇಳಿಜಾರು, ಪಾರ್ಕಿಂಗ್, ಶೌಚಾಲಯ ಇರುತ್ತೆ, ಚೊಕ್ಕಟವಾಗಿರುತ್ತೆ. ಇದಕ್ಕೆ ದುಡ್ಡು ಎಲ್ಲಿಂದ ಬರುತ್ತೆ? ನಮ್ಮಲ್ಲೂ ಹಾಗೆ ಮಾಡಬಹುದಾ?
— ಸಾಫ್ಟ್‌ವೇರ್ ಉದ್ಯೋಗಿ, ಮೂಲ ತುಮಕೂರು

ಉತ್ತರ: ಲೆಕ್ಕದವಳಾದ ನನಗೆ ಅಲ್ಲಿನ ವ್ಯವಸ್ಥೆ ಓದುವುದೇ ಒಂದು ಖುಷಿ. ಅಲ್ಲಿ ಒಂದು ಗ್ಯಾಲನ್ ಪೆಟ್ರೋಲಿಗೆ 18.4 ಸೆಂಟ್ ಕೇಂದ್ರ ತೆರಿಗೆ. ಅದು ಬಹುಪಾಲು ರಸ್ತೆಗೆ ಹೋಗುವ ಹಣ. ಆದರೆ ಬೋಟು ರಸ್ತೆಯಲ್ಲಿ ಓಡುವುದಿಲ್ಲ, ಅಲ್ವಾ? ಆದ್ದರಿಂದ ಬೋಟುಗಳು ಸುಡುವ ಪೆಟ್ರೋಲಿನ ಪಾಲನ್ನು ಅಂದಾಜು ಮಾಡಿ ಬೇರೆ ನಿಧಿಗೆ ಹಾಕುತ್ತಾರೆ. ಮೀನು ಹಿಡಿಯುವ ಕೋಲು, ಗಾಳಗಳ ಮೇಲಿನ ತೆರಿಗೆಯೂ ಅಲ್ಲಿಗೇ ಹೋಗುತ್ತೆ. 1950ರ ಮೀನುಗಾರಿಕೆ ಕಾಯ್ದೆಯಿಂದ ಇದು ಶುರು. 1984ರ ತಿದ್ದುಪಡಿಯಲ್ಲಿ ಬೋಟಿನ ಇಂಧನವೂ ಸೇರಿತು. ನಿಧಿಯಿಂದ ರಾಜ್ಯಗಳಿಗೆ ಬರುವ ಮೀನುಗಾರಿಕೆ ಪಾಲಿನಲ್ಲಿ ಕನಿಷ್ಠ ಶೇ. 15ರಷ್ಟನ್ನು ಬೋಟು ಇಳಿಸುವ ಜಾಗಗಳಿಗೇ ಖರ್ಚು ಮಾಡಬೇಕು. ಖರ್ಚಿನ 75 ಭಾಗದವರೆಗೆ ಕೇಂದ್ರ, ಉಳಿದದ್ದು ರಾಜ್ಯ. ದೋಣಿಯ ಶೌಚದ ನೀರು ಸರೋವರಕ್ಕೆ ಬೀಳದಂತೆ ದಡದಲ್ಲಿ ಹೀರಿ ತೆಗೆಯುವ ಪಂಪುಗಳಿಗೆ 1992ರಿಂದ ಬೇರೆ ಹಣವೇ ಇದೆ. ನಿಮ್ಮ ಮಿಷಿಗನ್‌ನಲ್ಲಿ ಕಾರಿನ ನೋಂದಣಿ ನವೀಕರಿಸುವಾಗ ರಾಜ್ಯದ ಪಾರ್ಕುಗಳ ಪ್ರವೇಶಕ್ಕೆ ತೆಗೆದುಕೊಳ್ಳುವ ರಿಕ್ರಿಯೇಷನ್ ಪಾಸ್‌ಪೋರ್ಟ್ ಕೂಡ ಇದರ ನೆಂಟನೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಷರತ್ತು. ಮೀನುಗಾರಿಕೆ ಲೈಸೆನ್ಸಿನಿಂದ ಬಂದ ಹಣವನ್ನು ಬೇರೆ ಕಡೆ ತಿರುಗಿಸುವುದಿಲ್ಲ ಅಂತ ರಾಜ್ಯ ತನ್ನದೇ ಕಾನೂನು ಮಾಡಿರಬೇಕು. ಹಾಗಿದ್ದರೆ ಮಾತ್ರ ಕೇಂದ್ರದ ಪಾಲು.

ನಮ್ಮಲ್ಲಿ ಮನೆಗೊಂದು ಬೋಟಿಲ್ಲ, ಪೆಡಲ್ ಬೋಟಿಗೆ ಪೆಟ್ರೋಲೂ ಬೇಡ. ಆ ತೆರಿಗೆ ಇಲ್ಲಿ ನಡೆಯುವುದಿಲ್ಲ. ಆದರೆ ಆ ಷರತ್ತು ನಡೆಯುತ್ತೆ. ರಾಜ್ಯ ಸರ್ಕಾರ ಕೆರೆಗೆ ಹಣ ಕೊಡುವಾಗಲೇ, "ಟಿಕೆಟ್ ಹಣ ಪ್ರತ್ಯೇಕ ಖಾತೆಯಲ್ಲಿ ಇಡುತ್ತೇವೆ" ಅನ್ನುವ ಪುರಸಭೆ ಠರಾವು ಕೇಳಬಹುದು. ಅದಕ್ಕೆ ಒಂದು ಸುತ್ತೋಲೆ ಸಾಕು.

ಪ್ರಶ್ನೆ: ಇದಕ್ಕೆ ನಮ್ಮಂಥವರು ಏನು ಮಾಡಬಹುದು?
— ಪದವಿ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಪುರಸಭೆಗಳು ಬಜೆಟ್‌ಗೆ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ನಾನು ಕೂತ ಸಭೆಗಳಲ್ಲಿ ಕುರ್ಚಿಗಳು ಖಾಲಿ ಇರುತ್ತಿದ್ದವು. ನೀವು ನಾಲ್ಕು ಜನ ಹೋಗಿ. "ಬೋಟಿಂಗಿನಿಂದ ಹೋದ ವರ್ಷ ಎಷ್ಟು ಬಂತು, ಬೋಟಿಂಗಿಗೆ ಎಷ್ಟು ಖರ್ಚಾಯಿತು?" ಅಂತ ಎರಡೇ ಅಂಕಿ ಕೇಳಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿ ಶುಲ್ಕ. ನಡಾವಳಿಯಲ್ಲಿ ನಿಮ್ಮ ಪ್ರಶ್ನೆ ದಾಖಲಾಯಿತಾ ಅಂತ ನೋಡಿಯೇ ಎದ್ದು ಬನ್ನಿ.

ಪ್ರಶ್ನೆ: ಅಜ್ಜಿ, ನಮ್ಮೂರ ಹಂಸದ ಬೋಟು ಮೊದಲು ಹೊಳೀತಿತ್ತು. ಈಗ ಮುಟ್ಟಿದರೆ ಕೈಗೆ ಬಿಳಿ ಪುಡಿ ಹತ್ತುತ್ತೆ. ಯಾಕೆ?
— ಆರನೇ ತರಗತಿ, ಗದಗ ಜಿಲ್ಲೆ

ಉತ್ತರ: ಪುಟ್ಟಾ, ಹಂಸ ಫೈಬರ್‌ನದು. ಅದರ ಮೇಲೆ ತೆಳ್ಳಗೆ ಒಂದು ಹೊಳಪಿನ ಪದರ ಇರುತ್ತೆ. ದಿನವಿಡೀ ಬಿಸಿಲು ಬಿದ್ದು ಆ ಪದರ ಸೀಮೆಸುಣ್ಣದ ಹಾಗೆ ಪುಡಿಯಾಗುತ್ತೆ. ಅದೇ ನಿನ್ನ ಕೈಗೆ ಹತ್ತಿದ್ದು. ಆ ಪದರ ಪೂರ್ತಿ ಸವೆದರೆ ಫೈಬರ್‌ನ ಎಳೆ ಕಾಣಿಸುತ್ತೆ, ನೀರು ಒಳಗೆ ಇಳಿಯುತ್ತೆ, ಬೋಟು ಭಾರ ಆಗುತ್ತೆ. ನಿಮ್ಮದು ಇನ್ನೂ ಪುಡಿಯ ಹಂತದಲ್ಲಿದೆ, ಉಳಿಸಬಹುದು. ತೊಳೆದು, ನುಣ್ಣಗೆ ಉಜ್ಜಿ, ಮೇಣ ಹಚ್ಚಬೇಕು. ಸಂಜೆ ಬೋಟು ಕಟ್ಟಿದ ಮೇಲೆ ಟಾರ್ಪಾಲು ಹೊದಿಸಿ, ಮಾರನೇ ದಿನ ಜನ ಬಂದ ಮೇಲೆ ತೆಗೆಯಬೇಕು. ನಮ್ಮ ಕೆರೆಯ ಕಾವಲುಗಾರ ದೀಪಾವಳಿಗೆ ಒಂದು ಸಲ, ಯುಗಾದಿಗೆ ಒಂದು ಸಲ ಮೇಣ ಹಚ್ಚುತ್ತಿದ್ದ. ಮೇಣದ ಡಬ್ಬಿ ತರಲು ನನ್ನ ಹತ್ತಿರ ಬರುತ್ತಿದ್ದ, ನಾನು ಸಾದಿಲ್ವಾರು ವೆಚ್ಚದಲ್ಲಿ, ಅಂದರೆ ಆಫೀಸಿನ ಸಣ್ಣಪುಟ್ಟ ಖರ್ಚಿನ ಹಣದಲ್ಲಿ, ಕೊಡುತ್ತಿದ್ದೆ. ನೀನು ಈ ಪತ್ರವನ್ನೇ ನಿಮ್ಮ ಟೀಚರಿಗೆ ತೋರಿಸಿ, ಪುರಸಭೆ ಮುಖ್ಯಾಧಿಕಾರಿಗೆ ಒಂದು ಅರ್ಜಿ ಬರೆ. ಕೈಗೆ ಹತ್ತಿದ ಪುಡಿಯ ವಿಷಯ ಮರೆಯದೆ ಬರೆ.