ಹಾಫಿಜ್ ಕಲಬುರಗಿಗೆ ಹೊರಟಿದ್ದ

ಓದುಗರ ಪತ್ರ: "ಸಂಪಾದಕರೇ, ನಾನು ಭಾಲ್ಕಿ ತಾಲ್ಲೂಕಿನವಳು. ಬೀದರ್‌ನಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ. ಕಾಲೇಜು ಬಿಟ್ಟ ಮೇಲೆ ಬಸ್ಸಿನ ಹೊತ್ತಾಗುವ ತನಕ ಮಹಮೂದ್ ಗವಾನ್ ಮದರಸಾದಲ್ಲಿ ಕೂತಿರುತ್ತೇನೆ. ಆ ನೀಲಿ ಟೈಲ್ಸ್ ನೋಡಿದಾಗೆಲ್ಲ ನಾನು 550 ವರ್ಷ ತಡವಾಗಿ ಹುಟ್ಟಿದೆ ಅನಿಸುತ್ತದೆ. ಈಗಿನ ಬೀದರ್‌ನಲ್ಲಿ ಏನಿದೆ ಸರ್? ಅಣ್ಣ ನಗುತ್ತಾನೆ. ಆಗ ಹುಟ್ಟಿದ್ದರೆ ನೀನು ಮದರಸಾದ ಬಾಗಿಲೂ ನೋಡುತ್ತಿರಲಿಲ್ಲ, ಹೊಲದಲ್ಲಿ ಕಳೆ ಕೀಳುತ್ತಿದ್ದೆ ಅನ್ನುತ್ತಾನೆ. ನನ್ನದು ಹುಚ್ಚಾ?" (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ತಂಗಿ, ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ಎರಡು ಸಂಚಿಕೆ ದಾಟಿಸಿದೆ. ನಾಲ್ಕು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸಲು ಮನಸ್ಸಾಗಲಿಲ್ಲ.

ಮೊದಲು ನಿಮ್ಮ ಅಣ್ಣನ ಮಾತು. ಅವರು ಹೇಳಿದ್ದು ಸುಳ್ಳಲ್ಲ. ನೀವು ಕನಸು ಕಾಣುವ ಅದೇ ಕಾಲದಲ್ಲಿ, 1470ರ ಆಸುಪಾಸಿನಲ್ಲಿ, ಅಫನಾಸಿ ನಿಕಿತಿನ್ ಎಂಬ ರಷ್ಯಾದ ವ್ಯಾಪಾರಿ ಬೀದರ್‌ನಲ್ಲಿದ್ದ. ಹಳ್ಳಿಯ ಜನ ಬಹಳ ಬಡವರು, ಸರದಾರರು ಮಾತ್ರ ಭಾರಿ ಸಿರಿವಂತರು, ಅವರನ್ನು ಬೆಳ್ಳಿಯ ಮಂಚದ ಮೇಲೆ ಹೊತ್ತು ತಿರುಗುತ್ತಾರೆ ಎಂದು ಬರೆದಿಟ್ಟಿದ್ದಾನೆ. ಮದರಸಾ ಕಟ್ಟಿಸಿದ ಬಹಮನಿ ವಜೀರ ಗವಾನ್‌ನ ಗತಿ ನಿಮಗೆ ಗೊತ್ತೇ ಇದೆ. ಆಗದವರು ಒಂದು ಕಳ್ಳ ಪತ್ರ ಹುಟ್ಟಿಸಿದರು, ಸುಲ್ತಾನ ಅದನ್ನು ನಂಬಿದ, 1481ರಲ್ಲಿ ಆ ಮುದುಕನ ತಲೆ ಹೋಯಿತು. ಇನ್ನು ಹೊಲದಲ್ಲಿ ದುಡಿದ ಹೆಣ್ಣುಮಕ್ಕಳ ಹೆಸರನ್ನು ಯಾರೂ ಬರೆದಿಡಲಿಲ್ಲ. ನಿಮ್ಮ ಕೈಯಲ್ಲಿ ಬಿ.ಕಾಂ. ಪುಸ್ತಕ ಇರುವುದು ಈ ಕಾಲದಲ್ಲಿ ಹುಟ್ಟಿದ್ದಕ್ಕೇ. ಅಣ್ಣನ ಪಾಲಿಗೆ ಇಷ್ಟು ಸಾಕು.

ಆದರೆ ನಿಮ್ಮ ಅಣ್ಣ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ. ಆ ರಷ್ಯಾದವನು ಬೀದರ್‌ಗೆ ಬಂದದ್ದಾದರೂ ಯಾಕೆ?

ವೋಲ್ಗಾ ನದಿಯ ದಂಡೆಯ ತ್ವೇರ್ ಅವನ ಊರು. ಅಲ್ಲಿಂದ ಇರಾನ್ ದಾಟಿ, ಸಮುದ್ರ ದಾಟಿ, ಒಂದು ಕುದುರೆ ಹಿಡಿದುಕೊಂಡು ಬಂದ. ದಾರಿಯಲ್ಲಿ ದೊಡ್ಡ ಊರು ಎಷ್ಟಿರಲಿಲ್ಲ? ಆದರೂ ಕುದುರೆ ಮಾರಿದ್ದು ಬೀದರ್‌ನಲ್ಲಿ. ಗವಾನ್ ಕೂಡ ಹೊರಗಿನವನೇ. ಇರಾನ್‌ನ ಗಿಲಾನ್‌ನಿಂದ 1453ರಲ್ಲಿ ವ್ಯಾಪಾರಕ್ಕೆ ಅಂತ ಬಂದವನು ಇಲ್ಲೇ ಉಳಿದ, ವಜೀರನಾದ, 1472ರಲ್ಲಿ ಮದರಸಾ ಕಟ್ಟಿಸಿದ. ಅದರಲ್ಲಿ 3000 ಪುಸ್ತಕ ಇದ್ದವು ಅಂತಾರೆ. ಕೈಯಲ್ಲಿ ಬರೆದ 3000 ಪುಸ್ತಕ, ತಂಗಿ! ಅಷ್ಟು ದೊಡ್ಡ ಅಧಿಕಾರದಲ್ಲಿದ್ದರೂ ಚಾಪೆಯ ಮೇಲೆ ಮಲಗಿ, ಮಣ್ಣಿನ ಪಾತ್ರೆಯ ಅಡುಗೆ ಉಣ್ಣುತ್ತಿದ್ದನಂತೆ.

ನಮ್ಮ ಕಲಬುರಗಿಯದೂ ಇದೇ ಕಥೆ. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಕಟ್ಟಿದ ರಫಿ ಇರಾನ್‌ನ ಕಜ್ವಿನ್‌ನವನು. ದೆಹಲಿಯ ಮೇಲೆ ತೈಮೂರ್ ದಂಡೆತ್ತಿ ಬಂದಾಗ ಆ ಊರು ಬಿಟ್ಟ ಸೂಫಿ ಸಂತ ಖ್ವಾಜಾ ಬಂದೇ ನವಾಜ್ ಕೊನೆಗೆ ನೆಲೆ ನಿಂತದ್ದು ಇಲ್ಲಿ. ಆಗ ಅವರಿಗೆ ಹತ್ತಿರ ಹತ್ತಿರ ಎಂಬತ್ತು ವರ್ಷ. ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಹಾಫಿಜ್‌ನದು. ಶಿರಾಜ್‌ನ ಆ ಕವಿಗೆ ಬಹಮನಿ ಸುಲ್ತಾನ ದಾರಿ ಖರ್ಚು ಕಳಿಸಿ ಕರೆಸಿದನಂತೆ. ಕವಿ ಹೊರಟ. ಹೊರ್ಮುಜ್‌ನಲ್ಲಿ ಹಡಗೂ ಹತ್ತಿದ. ಬಿರುಗಾಳಿ ಎದ್ದಿತು. ಇಳಿದು ವಾಪಸ್ ಹೋಗಿಬಿಟ್ಟ, ಒಂದು ಕವಿತೆ ಮಾತ್ರ ಕಳಿಸಿದ ಎಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಆಗ ರಾಜಧಾನಿ ಬೀದರ್‌ಗೆ ಹೋಗಿರಲಿಲ್ಲ. ಅಂದರೆ ಹಾಫಿಜ್ ಬರಬೇಕಿದ್ದದ್ದು ಕಲಬುರಗಿಗೆ. ನಾನು ಕೋಟೆಯ ಕಂದಕದ ಬದಿ ನಡೆಯುವಾಗೆಲ್ಲ ಆ ಬಿರುಗಾಳಿಯನ್ನು ಬೈಯುತ್ತೇನೆ.

ಸುಲ್ತಾನರ ಕಾಲವೇ ಆಗಬೇಕೆಂದಿಲ್ಲ. ಅದಕ್ಕೂ ಮುಂಚೆ ಸಂಸ್ಕೃತ ಕವಿ ಬಿಲ್ಹಣ ಕಾಶ್ಮೀರದಿಂದ ನಡೆದು ಬಂದದ್ದು ಕಲ್ಯಾಣದ ಆರನೇ ವಿಕ್ರಮಾದಿತ್ಯನ ಹತ್ತಿರ. ಆಮೇಲೆ ಅದೇ ಕಲ್ಯಾಣಕ್ಕೆ ಬಳ್ಳಿಗಾವಿಯಿಂದ ಅಲ್ಲಮ ಬಂದ, ಉಡುತಡಿಯಿಂದ ಅಕ್ಕ ಬಂದಳು. ಮೋಳಿಗೆ ಮಾರಯ್ಯ ಕಾಶ್ಮೀರದ ಅರಸನಾಗಿದ್ದವನು, ರಾಜ್ಯ ಬಿಟ್ಟು ಬಂದು ಇಲ್ಲಿ ಕಟ್ಟಿಗೆ ಮಾರಿ ಬದುಕಿದ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅರಸೊತ್ತಿಗೆಗಿಂತ ನಮ್ಮೂರಿನ ಕಟ್ಟಿಗೆ ಹೊರೆ ಮೇಲು ಅನಿಸಿತಲ್ಲ ಅವನಿಗೆ!

ಈಗ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ನಿಮಗೆ ಬೇಕಾಗಿರುವುದು ಸುಲ್ತಾನನೂ ಅಲ್ಲ, ಬೆಳ್ಳಿ ಮಂಚವೂ ಅಲ್ಲ. ಜಗತ್ತು ನಿಮ್ಮೂರಿಗೆ ನಡೆದು ಬರುತ್ತಿದ್ದ ಕಾಲ ಬೇಕು. ಬೆಂಗಳೂರಿನ ಹುಡುಗಿಗೆ ಈ ಹಸಿವು ಹುಟ್ಟುವುದಿಲ್ಲ. ಅವಳ ಊರಿಗೆ ಜನ ಈಗಲೂ ಬರುತ್ತಲೇ ಇದ್ದಾರೆ. ನಮ್ಮ ಮಕ್ಕಳಿಗೆ ಹುಟ್ಟುತ್ತದೆ. ಯಾಕೆಂದರೆ ಇಲ್ಲಿಂದ ಎಲ್ಲರೂ ಹೋಗುತ್ತಾರೆ.

ಒಂದು ರಾತ್ರಿ ಕಲಬುರಗಿ ಸ್ಟೇಷನ್ನಿಗೆ ಬಂದು ನಿಲ್ಲಿ. ರೈಲು ಬರುವಾಗ ಜನರಲ್ ಬೋಗಿಯ ಮುಂದೆ ಗಂಟುಮೂಟೆ ಕಟ್ಟಿಕೊಂಡು ಕೂತವರನ್ನು ನೋಡಿ. ತೊಗರಿ ಕೈಕೊಟ್ಟ ವರ್ಷ ಇನ್ನೂ ಜಾಸ್ತಿ. ಗಂಡ, ಹೆಂಡತಿ, ಸೊಂಟದ ಮೇಲೆ ಕೂಸು, ಕೈಚೀಲದಲ್ಲಿ ಜೋಳದ ಕಟಿ ರೊಟ್ಟಿ. ಮುಂಬೈ, ಪುಣೆ, ಬೆಂಗಳೂರು, ಹೈದರಾಬಾದ್. ಓದಿದವರೂ ಹೋಗುತ್ತಾರೆ, ಓದದವರೂ ಹೋಗುತ್ತಾರೆ. ಬೇರೆ ಬೇರೆ ಡಬ್ಬಿಯಲ್ಲಿ, ಅಷ್ಟೇ.

ನಾನೂ ಹೋಗಿದ್ದೆ. ಮೂವತ್ತು ವರ್ಷದ ಹಿಂದೆ ಬೆಂಗಳೂರಿನ ಒಂದು ಕಚೇರಿಯಲ್ಲಿ ಸಂದರ್ಶನ. ಊರು ಕೇಳಿದರು. ಸೇಡಂ ಹತ್ತಿರ ಅಂದೆ. ಎದುರಿಗೆ ಕೂತವರು "ಅಯ್ಯೋ ಪಾಪ, ಅಲ್ಲಿ ಬಿಸಿಲು ಬಿಟ್ಟು ಏನಿದೆ?" ಅಂದರು. ನನಗೆ ಬಾಯಿ ಬರಲಿಲ್ಲ. ಸೇಡಂ ತಾಲ್ಲೂಕಿನಲ್ಲಿ ಮಳಖೇಡ ಇದೆ, ಅದು ರಾಷ್ಟ್ರಕೂಟರ ಮಾನ್ಯಖೇಟ, ನಿಮ್ಮ ಕನ್ನಡಕ್ಕೆ "ಕವಿರಾಜಮಾರ್ಗ" ಕೊಟ್ಟ ನೃಪತುಂಗನ ಊರು ಎಂದು ಹೇಳಬೇಕಿತ್ತು. ಹೇಳಲಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ ರಾತ್ರಿಯೆಲ್ಲ ಆ ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಈ ಪತ್ರಿಕೆ ನಡೆಸುತ್ತಿರುವುದಕ್ಕೆ ಆ ರಾತ್ರಿಯೂ ಒಂದು ಕಾರಣ.

ಅದಕ್ಕೇ ನಿಮ್ಮ ಪತ್ರದ ಒಂದು ಸಾಲು ನನ್ನನ್ನು ಚುಚ್ಚಿತು. "ಈಗಿನ ಬೀದರ್‌ನಲ್ಲಿ ಏನಿದೆ ಸರ್?" ಆ ಕಚೇರಿಯವರು ಕೇಳಿದ್ದೂ ಇದನ್ನೇ. ಅವರು ಕೇಳಬಹುದು, ತಂಗಿ. ನೀವು ಕೇಳಬಾರದು.

ನೌಬಾದ್‌ನ ಸುರಂಗ ಬಾವಿ ನೋಡಿದ್ದೀರಾ? ದಿನಾ ಅದರ ಹತ್ತಿರದಿಂದಲೇ ನಿಮ್ಮ ಬಸ್ಸು ಹೋಗುತ್ತದೆ. ಮಳೆ ನೀರು ಬೀದರ್‌ನ ಕೆಂಪು ಕಲ್ಲಿನಲ್ಲಿ ಇಂಗಿ ಇಳಿಯುತ್ತದೆ, ಕೆಳಗೆ ಕರಿಕಲ್ಲು ಸಿಕ್ಕಲ್ಲಿ ನಿಲ್ಲುತ್ತದೆ. ಆ ನೀರನ್ನು ಹಿಡಿಯಲು 15ನೇ ಶತಮಾನದಲ್ಲಿ ನೆಲದೊಳಗೆ ಇಳಿಜಾರು ಕಾಲುವೆ ಕೊರೆದರು. ಗಾಳಿ ಬೆಳಕಿಗೆ ಮೇಲಿನಿಂದ ಇಪ್ಪತ್ತಕ್ಕೂ ಹೆಚ್ಚು ಬಾವಿ ತೋಡಿದರು. ವಿದ್ಯೆ ಇರಾನ್‌ನದು, ಕಲ್ಲು ಒಡೆದ ಕೈ ನಮ್ಮವರದೇ ಇರಬೇಕು. ನಿಮ್ಮ ಅಣ್ಣ ಹೇಳುವ ಕಳೆ ಕೀಳುವವರ ಅಣ್ಣತಮ್ಮಂದಿರು. ನಾವು ಮಾಡಿದ್ದೇನು? ಬಾವಿಗಳಿಗೆ ಕಸ ಸುರಿದೆವು, ಮೇಲೆ ಬೋರ್‌ವೆಲ್ ಕೊರೆದೆವು. ಇತ್ತೀಚೆಗೆ ಹೂಳು ತೆಗೆದಾಗ ಒಳಗೆ ನೀರು ಕಂಡಿತು.

ಬಿದರಿ ಕೆಲಸದವರ ಹತ್ತಿರ ಒಮ್ಮೆಯಾದರೂ ಕೂತಿದ್ದೀರಾ? ನಾನು ಒಬ್ಬ ಹಿರಿಯರ ಹತ್ತಿರ ಅರ್ಧ ದಿನ ಕೂತಿದ್ದೆ. ಸತುವಿಗೆ ಚೂರು ತಾಮ್ರ ಸೇರಿಸಿ ಎರಕ ಹೊಯ್ದ ಹೂಜಿ. ಅದರ ಮೈಮೇಲೆ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸಿದ್ದರು. ಕೊನೆಗೆ ಕೋಟೆಯ ಹಳೆ ಮಣ್ಣು ತೆಗೆದು ನಾಲಿಗೆಗೆ ಹಚ್ಚಿ ನೋಡಿದರು. ರುಚಿ ಸರಿ ಇದ್ದರೆ ಮಾತ್ರ ಆ ಮಣ್ಣು ಕೆಲಸಕ್ಕೆ ಬರುತ್ತದೆ. ನವಸಾಗರ ಬೆರೆಸಿದ ಬಿಸಿನೀರಿನಲ್ಲಿ ಅದನ್ನು ಕಲಸಿ ಹೂಜಿಗೆ ತಿಕ್ಕಿದರು. ಲೋಹ ಕಾಡಿಗೆಯ ಹಾಗೆ ಕಪ್ಪಾಯಿತು, ಬೆಳ್ಳಿ ಬೆಳ್ಳಗೇ ಉಳಿಯಿತು. "ನಿಮ್ಮ ಮಗ ಕಲಿತಿದ್ದಾನಾ?" ಅಂದೆ. "ಹೈದರಾಬಾದ್‌ನಾಗ ಆಟೋ ಹೊಡೀತಾನ್ರೀ" ಅಂದರು. ಮುಂದೆ ಮಾತಾಡಲಿಲ್ಲ, ಕೆಲಸಕ್ಕೆ ಕೈಹಚ್ಚಿದರು.

ನನ್ನ ಸಿಟ್ಟು ಇಲ್ಲಿದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಒಳ್ಳೆಯದಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೆಸರೂ ಬಂತು. ಆದರೆ ಹೆಸರಿನ ಹಿಂದೆ "ಹಿಂದುಳಿದ" ಅನ್ನುವುದನ್ನು ಮಾತ್ರ ಯಾರೂ ತೆಗೆಯಲಿಲ್ಲ, ನಾವೂ ತೆಗೆಯಲಿಲ್ಲ. ನಮ್ಮದು ನಮಗೆ ಸಿಗುವುದೂ ಆಕಸ್ಮಿಕವಾಗಿಯೇ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಕೆಳಗಿನ ಕಲ್ಲು ನೋಡಿದರೆ ಅಶೋಕನ ಶಾಸನ! ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ "ರಾಯಾ ಅಸೋಕೋ" ಎಂದು ಹೆಸರು ಕೊರೆದ ಅವನ ಚಿತ್ರವೇ ಸಿಕ್ಕಿತು. ಮಾಳಿಗೆ ಬೀಳದಿದ್ದರೆ? ಮಳಖೇಡ ಅಂದರೆ ಇವತ್ತು ಜನಕ್ಕೆ ನೆನಪಾಗುವುದು ಸಿಮೆಂಟು.

ಹಾಗಾಗಿ ನಿಮ್ಮ ಆಸೆಗೆ ನಾಚಿಕೆಪಡಬೇಡಿ. ಅದು ಹುಚ್ಚಲ್ಲ. ನಿಮ್ಮ ಹಾಗೆ ಸಂಜೆ ಹೊತ್ತು ಆ ಗೋಡೆ ನೋಡುತ್ತ ಕೂರುವವರು ಇನ್ನೂ ನೂರು ಜನ ಇದ್ದಿದ್ದರೆ ನೌಬಾದ್‌ನ ಬಾವಿಗೆ ಕಸ ಬೀಳುತ್ತಿರಲಿಲ್ಲ.

ಒಂದೇ ಕೆಲಸ ಹೇಳುತ್ತೇನೆ. ಇಷ್ಟು ದಿನ ಗವಾನ್‌ನ ಮದರಸಾದಲ್ಲಿ ಕೂತಿದ್ದೀರಿ, ಅವನ ಗೋರಿ ನೋಡಿದ್ದೀರಾ? ಬೀದರ್ ಹತ್ತಿರವೇ ಗೋರನಳ್ಳಿಯಲ್ಲಿದೆ. ಬಹಮನಿ ಸುಲ್ತಾನರದು ಅಷ್ಟೂರಿನಲ್ಲಿ ಎತ್ತರದ ಗುಮ್ಮಟ. ಇವನದಕ್ಕೆ ಅಂಥದ್ದೇನೂ ಇಲ್ಲ. ಹೋಗುವಾಗ ಅಣ್ಣನನ್ನೂ ಕರೆದುಕೊಂಡು ಹೋಗಿ. ಅಲ್ಲಿ ಅವರಿಗೆ ಏನು ಅನಿಸಿತು ಅಂತ ಕೇಳಿ ನನಗೆ ಬರೆಯಿರಿ, ನೀವು ಬರೆದದ್ದಕ್ಕಿಂತ ಮೊದಲು ಅವರದನ್ನು ಅಚ್ಚು ಹಾಕುತ್ತೇನೆ. ಬಿಸಿಲು ಜಾಸ್ತಿ, ಬೆಳಿಗ್ಗೆ ಎಂಟರೊಳಗೆ ಹೋಗಿ ಮುಟ್ಟಿ. ನೀರಿನ ಬಾಟಲಿ ಇರಲಿ.