ಎಡಗಡೆಯ ಸ್ಟುಡಿಯೊ ಮಾನಿಟರ್ ಕೈಕೊಡ್ತಿದೆ: ರಿಪೇರಿ ಮಾಡಿಸಲಾ, ಹೊಸದು ತರಲಾ?

ನೀವು ಬರೆದಿರೋದು ಇಷ್ಟು: ಮಿಕ್ಸ್ ಮಾಡುವಾಗ ಕೇಳೋ ಸ್ಪೀಕರ್, ಅಂದರೆ ಸ್ಟುಡಿಯೊ ಮಾನಿಟರ್, ಆರು ವರ್ಷ ಹಳೆಯ ಐದಿಂಚಿನ (ಬಾಸ್ ಕೋನಿನ ಅಗಲ) ಜೋಡಿ, ಎಡಗಡೆಯದು ಗುಂಯ್ ಅನ್ನುತ್ತೆ, ಒಮ್ಮೊಮ್ಮೆ ಸದ್ದೇ ನಿಂತುಹೋಗುತ್ತೆ. ಕೋಣೆ ಹತ್ತಕ್ಕೆ ಹತ್ತು ಅಡಿ, ಮೇಜು ಗೋಡೆಗೆ ಆನಿಸಿದೆ. ಹೇಗೂ ದುಡ್ಡು ಹಾಕ್ತೀನಲ್ಲ, ಎಂಟಿಂಚಿನದೇ ತಗೊಂಡುಬಿಡಲಾ ಅಂತ ಕೇಳಿದ್ದೀರಿ. ಈ ಕೊನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡ್ತೀನಿ: ಬೇಡ. ಆ ತಪ್ಪನ್ನ ನಾನು ಮಾಡಿ ಆಗಿದೆ.

ಅದಕ್ಕೂ ಮುಂಚೆ, ಕೆಟ್ಟಿರೋದು ಸ್ಪೀಕರ್ರೇನಾ ನೋಡಿ. ಸ್ಪೀಕರ್ ಹಿಂದೆ ಎಡ, ಬಲದ ಕೇಬಲ್ ಅದಲುಬದಲು ಮಾಡಿ. ತೊಂದರೆ ಬಲಕ್ಕೆ ಹೋಯ್ತು ಅಂದ್ರೆ ಕಳ್ಳ ಕೇಬಲ್ಲೋ ಆಡಿಯೊ ಇಂಟರ್‌ಫೇಸೋ (ಲ್ಯಾಪ್‌ಟಾಪಿಗೂ ಸ್ಪೀಕರಿಗೂ ನಡುವಿನ ಡಬ್ಬಿ). ಎಡದಲ್ಲೇ ಉಳಿದರೆ, ಸಿಗ್ನಲ್ ಕೇಬಲ್ ಕಿತ್ತು ಪವರ್ ಮಾತ್ರ ಕೊಟ್ಟು ಕಿವಿಗೊಡಿ. ಆಗಲೂ ಗುಂಯ್ ಅಂದ್ರೆ ರೋಗ ಒಳಗೇ ಇದೆ. ಕೇಬಲ್ ಚುಚ್ಚಿದಾಗ ಮಾತ್ರ ಬಂದರೆ ಗ್ರೌಂಡ್ ಲೂಪ್ (ಉಪಕರಣಗಳ ಅರ್ಥಿಂಗ್ ಸುತ್ತು ಕಟ್ಟಿ ಗುಂಯ್ ಅನ್ನೋದು) ಇರಬಹುದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಗುಂಯ್ ನಿಂತರೆ, ಹೊರಗಿನ ಗದ್ದಲ ತಡೆಯೋ ಬ್ಯಾಲೆನ್ಸ್ಡ್ ಟಿಆರ್‌ಎಸ್ ಕೇಬಲ್ ಹಾಕಿ, ಎಲ್ಲಾ ಪ್ಲಗ್ಗನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ತನ್ನಿ. ಅರ್ಥಿಂಗ್ ಪಿನ್ ಮುರಿದುಹಾಕಿ ಅಂತ ಯಾರಾದ್ರೂ ಹೇಳಿದರೆ ಕೇಳಬೇಡಿ. ಕರೆಂಟ್ ಹೋದಾಗ ಮಾತ್ರ ಜಾಸ್ತಿ ಗುಂಯ್‌ಗುಟ್ಟಿದರೆ ಮನೆಯ ಯುಪಿಎಸ್ ಸ್ಕ್ವೇರ್ ವೇವ್‌ದು (ಒರಟು ಕರೆಂಟ್ ಕೊಡೋದು) ಇರಬೇಕು, ಸ್ಪೀಕರಿಗೆ ಬೈಯಬೇಡಿ.

ನನ್ನದು ಬೆಳಿಗ್ಗೆ ಆನ್ ಮಾಡಿದಾಗ ಹತ್ತು ನಿಮಿಷ ಗೊರಗೊರ ಅಂದು, ಬಿಸಿಯಾದ ಮೇಲೆ ಸರಿಹೋಗ್ತಿತ್ತು. ಪವರ್ ಸಪ್ಲೈಯ ಕೆಪಾಸಿಟರ್ (ವಿದ್ಯುತ್ ಹಿಡಿದಿಡೋ ಪುಟ್ಟ ಡಬ್ಬಿ) ಒಣಗಿದಾಗ ಹೀಗಾಗೋದು ಮಾಮೂಲಿ. ಪರಿಚಯದ ಟಿವಿ ರಿಪೇರಿಯವರು ಬಿಚ್ಚಿ ತೋರಿಸಿದರು: ಚಪ್ಪಟೆ ಇರಬೇಕಾದ ಎರಡು ಕೆಪಾಸಿಟರ್‌ಗಳ ತಲೆ ಇಡ್ಲಿ ಥರ ಉಬ್ಬಿತ್ತು, ಬುಡದಲ್ಲಿ ಕಂದು ಅಂಟು. ಅಷ್ಟೇ ಮೈಕ್ರೊಫ್ಯಾರಡ್, ವೋಲ್ಟೇಜ್ ಅಷ್ಟೇ ಅಥವಾ ಮೇಲಿನದು, 105 ಡಿಗ್ರಿ ಬಿಸಿ ತಡೆಯೋದು ಅಂತ ಚೀಟಿ ಬರೆದುಕೊಟ್ಟರು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ತಂದೆ, ನೂರು ರೂಪಾಯಿ ದಾಟಲಿಲ್ಲ. ನೀವೇ ಬಿಚ್ಚೋಕೆ ಮಾತ್ರ ಹೋಗಬೇಡಿ. ಸ್ವಿಚ್ ಮೋಡ್ ಸಪ್ಲೈ (ದೊಡ್ಡ ಟ್ರಾನ್ಸ್‌ಫಾರ್ಮರ್ ಇಲ್ಲದ ಥರದ್ದು) ಇದ್ದರೆ 230 ವೋಲ್ಟ್ ಏಸಿ ಒಳಗೆ ಸುಮಾರು 325 ವೋಲ್ಟ್ ಡಿಸಿ ಆಗಿರುತ್ತೆ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಲ್ಲಿ ಸ್ವಲ್ಪ ಹೊತ್ತು ಉಳಿದಿರಬಹುದು.

ಹಾಗೆ ಒಂದೂವರೆ ವರ್ಷ ಓಡಿತು. ಆಮೇಲೆ ಆಂಪ್ಲಿಫೈಯರ್ ಬೋರ್ಡೇ ಹೋಯ್ತು, ಬದಲಿ ಬೋರ್ಡ್ ಸಿಗಲಿಲ್ಲ. ಆಗಲೇ ನಾನು ಎಂಟಿಂಚಿಗೆ ಆಸೆಪಟ್ಟಿದ್ದು. ನನ್ನ ಕೆಲಸ ಹೆಚ್ಚಾಗಿ ಸಂಗೀತ ಕಚೇರಿಯ ರೆಕಾರ್ಡಿಂಗ್ ಮಿಕ್ಸ್ ಮಾಡೋದು. ಮೃದಂಗದ ಎಡಗೈ ಗುಮುಕಿ (ತಗ್ಗಿನ ಗುಂಗುಡೋ ನಾದ) ಕೋಣೆ ತುಂಬಾ ಗುಡುಗಿತು, ಸರಿ ಅಂತ ಬಾಸ್ ಇಳಿಸಿ ಕಳಿಸಿದೆ. ಹಾಡಿದವರು ಕಾರಲ್ಲಿ ಕೇಳಿ ಫೋನ್ ಮಾಡಿದರು: "ಅಲ್ಲಾ, ಮೃದಂಗ ನುಡಿಸಿದ್ದು ಖಂಜಿರದ ಹಾಗೆ ಕೇಳ್ತಿದೆಯಲ್ಲ?"

ಕಾರಣ ಕೋಣೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹತ್ತಡಿ ಅಂತರದ ಎರಡು ಗೋಡೆ ನಡುವೆ 56 ಹರ್ಟ್ಸ್ ಸುತ್ತಮುತ್ತಲಿನ ಬಾಸ್ ಸ್ವರ ಪುಟಿದು ಪುಟಿದು ಉಬ್ಬುತ್ತೆ. ನಿಮ್ಮ ಕೋಣೆ ಚೌಕ ಬೇರೆ, ಉದ್ದದ್ದೂ ಅಗಲದ್ದೂ ಒಂದೇ ಕಡೆ ಪೇರಿಕೊಳ್ಳುತ್ತೆ. ಎಂಟಿಂಚಿನ ಸ್ಪೀಕರ್ ಸರಿಯಾಗಿ ಅಲ್ಲಿಗೇ ಪೆಟ್ಟು ಕೊಡುತ್ತೆ. ಗೋಡೆ ಪಕ್ಕ ಕೇಳಿದರೆ ಗುಡುಗು, ನಟ್ಟನಡುವೆ ಕೂತರೆ ಆ ಸ್ವರ ಬಹುತೇಕ ಮಾಯ. ಮುಂಗೋಡೆಯಿಂದ ತಲೆ ನಾಲ್ಕಡಿ ಆಸುಪಾಸಿನಲ್ಲಿ ಇದ್ದರೆ ವಾಸಿ.

ಹಾಗಾಗಿ, ರಿಪೇರಿ ಆಗದೆ ಹೊಸದೇ ತರಬೇಕಾದರೂ ಐದಿಂಚೇ ಸಾಕು. ಯಮಹಾ ಎಚ್‌ಎಸ್5 ಸ್ಪೆಕ್‌ನಲ್ಲಿ 54 ಹರ್ಟ್ಸ್‌ವರೆಗೆ ಅಂತಿದೆ, ಜೆಬಿಎಲ್ 305ಪಿ ಮಾರ್ಕ್ 2ರಲ್ಲಿ ಇನ್ನೂ ಕೆಳಗೆ, 43 ಹರ್ಟ್ಸ್‌ವರೆಗೆ. ಎರಡೂ ಮೈನಸ್ 10 ಡೆಸಿಬೆಲ್ ಲೆಕ್ಕ, ಅಂದರೆ ಅಲ್ಲಿ ಸದ್ದು ಆಗಲೇ ಸಾಕಷ್ಟು ಬಿದ್ದಿರುತ್ತೆ. ಅಷ್ಟು ಕೆಳಗೆ ಹೋಗಲ್ಲ ಅಂತಲೇ ನಿಮ್ಮ ಕೋಣೆಗೆ ನಾನಾದರೆ ಯಮಹಾ ತರ್ತೀನಿ. ಅದರ ಹಿಂದೆ ಬಾಸ್ ತಗ್ಗಿಸೋಕೆ ಇರೋ ರೂಮ್ ಕಂಟ್ರೋಲ್ ಸ್ವಿಚ್ಚನ್ನ ಮೈನಸ್ 2ಕ್ಕೆ ಇಟ್ಟು ಶುರುಮಾಡಿ. ಅಂಗಡಿಯಲ್ಲಿ ಹೇಳೋ ಬೆಲೆ ಒಂದಕ್ಕೋ ಜೋಡಿಗೋ ಕೇಳಿಕೊಳ್ಳಿ. ಎಡಗಡೆಗೆ ಒಂದೇ ತಂದು ಹಳೆಯದರ ಜೊತೆ ಕೂರಿಸಬೇಡಿ. ಮಾಡೆಲ್ ಬೇರೆಯಾದರೆ ನಡುವೆ ನಿಲ್ಲಬೇಕಾದ ಹಾಡುಗಾರಿಕೆ ಒಂದು ಪಕ್ಕಕ್ಕೆ ಜಾರಿದ ಹಾಗೆ ಕೇಳುತ್ತೆ.

ಟ್ವೀಟರ್ (ಮೇಲಿನ ಸ್ವರ ನುಡಿಸೋ ಚಿಕ್ಕದು) ಕಿವಿಯ ಮಟ್ಟಕ್ಕೆ ಬರಲಿ, ನಿಮ್ಮ ತಲೆ ಮತ್ತು ಎರಡು ಸ್ಪೀಕರ್ ಸೇರಿ ಸಮಬಾಹು ತ್ರಿಕೋನ ಆಗಲಿ. ಸ್ಟ್ಯಾಂಡ್ ಇಲ್ಲದಿದ್ದರೆ ಇಟ್ಟಿಗೆಗೆ ಬಟ್ಟೆ ಸುತ್ತಿ ಇಡಿ, ನನ್ನದು ಇವತ್ತಿಗೂ ಹಾಗೇ ಇದೆ.

ಚೆನ್ನಾಗಿರೋ ಆ ಹಳೆಯ ಬಲಗಡೆಯದನ್ನ ಮಾರಬೇಡಿ. ಮೂಲೆಯಲ್ಲಿ ಒಂಟಿಯಾಗಿ ಇಟ್ಟು, ಮಿಕ್ಸನ್ನ ಮೋನೊ ಮಾಡಿ (ಎಡ, ಬಲ ಎರಡನ್ನೂ ಒಂದಾಗಿ ಸೇರಿಸಿ) ಅದರಲ್ಲಿ ಕೇಳಿ. ಫೋನಲ್ಲಿ ಕೇಳೋರಿಗೆ ತಂಬೂರಿ ಎಷ್ಟು ಉಳಿಯುತ್ತೆ ಅಂತ ನನಗೆ ಗೊತ್ತಾಗೋದು ಅದರಿಂದಲೇ.